ವಾಪಸ್ ಖಾಲಿ ಬರ್ಬೇಕು

ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಶನಿವಾರ ಸಂಜೆ ಹತ್ತು ಹನ್ನೆರಡು ಮಂದಿಗೆ ಕನ್ನಡ ಮಾತಾಡಲು ಹೇಳಿಕೊಡುತ್ತೇನೆ. ಎಲ್ಲರೂ ಸಾಫ್ಟ್‌ವೇರ್ ಕೆಲಸದವರು. ಕೆಲವರು ಈ ಊರಿಗೆ ಬಂದು ವರ್ಷವಾಗಿದೆ, ಕೆಲವರು ಬಂದು ಹತ್ತು ವರ್ಷ. ಮೊದಲ ದಿನ ‘ನಿಮ್ಮ ಹೆಸರೇನು’, ‘ನಿಮ್ಮ ಊರು ಯಾವುದು’ ಎಂದೆಲ್ಲ ಪಾಠ ಬರೆದುಕೊಂಡು ಹೋಗಿದ್ದೆ. ಹತ್ತು ನಿಮಿಷವೂ ಆಗಿರಲಿಲ್ಲ, ಒಬ್ಬರು ಕೈ ಎತ್ತಿದರು. ಅವರಿಗೆ ಬೇಕಾಗಿದ್ದ ಮೊದಲ ವಾಕ್ಯ ‘ಮೀಟರ್ ಹಾಕಿ’. ಉಳಿದವರೆಲ್ಲ ನಕ್ಕರು. ಆದರೆ ಎಲ್ಲರೂ ಬರೆದುಕೊಂಡರು.

ಮೂರನೇ ವಾರ ಒಡಿಶಾದವರೊಬ್ಬರು ಬಂದು ದೂರಿದರು. “ಮೇಡಂ, ನೀವು ಹೇಳಿಕೊಟ್ಟ ಹಾಗೇ ಹೇಳಿದೆ. ಡ್ರೈವರ್ ಏನೋ ಉತ್ತರ ಕೊಟ್ಟರು. ಆ ಉತ್ತರವನ್ನು ನೀವು ಹೇಳಿಕೊಟ್ಟಿಲ್ಲ.” ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದರು. ನಾನು ಅದನ್ನು ಬಿಡಿಸಿ ಬೋರ್ಡಿನ ಮೇಲೆ ಬರೆದೆ: ವಾಪಸ್ ಖಾಲಿ ಬರ್ಬೇಕು.

ಈ ಊರಿನಲ್ಲಿ ಈ ವಾಕ್ಯವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬೋರ್ಡಿನ ಮೇಲೆ ನೋಡಿದ್ದು ಮಾತ್ರ ಅದೇ ಮೊದಲು. ಇರುವುದು ಮೂರೇ ಪದ. ‘ವಾಪಸ್’ ಪಾರಸಿಯಿಂದ ಬಂದದ್ದು, ‘ಖಾಲಿ’ ಅರಬ್ಬಿಯಿಂದ. ಅಚ್ಚಗನ್ನಡದ್ದು ಕೊನೆಯ ಕ್ರಿಯಾಪದ ಒಂದೇ. ಆ ಕ್ರಿಯಾಪದಕ್ಕೆ ಕರ್ತೃವಿಲ್ಲ. ಯಾರು ಬರಬೇಕು? ಡ್ರೈವರೋ, ಗಾಡಿಯೋ? ಕನ್ನಡಕ್ಕೆ ಹೇಳದೆ ಬಿಡುವ ಸೌಕರ್ಯವಿದೆ. ಇನ್ನು ಆ ‘ಬೇಕು’. ನನಗೆ ಕಾಫಿ ಬೇಕು ಎನ್ನುವಾಗ ಅದು ಆಸೆ, ನಾನು ಹೋಗಬೇಕು ಎನ್ನುವಾಗ ಅದೇ ಪದ ಕಟ್ಟುಪಾಡು. ಈ ವ್ಯತ್ಯಾಸವನ್ನು ಕ್ಲಾಸಿನಲ್ಲಿ ವಿವರಿಸುತ್ತಿದ್ದಾಗ ಒಡಿಶಾದವರು ಕೇಳಿದರು: “ಹಾಗಾದರೆ ಡ್ರೈವರ್ ಹೇಳಿದ್ದು ನಿಜವೋ ಸುಳ್ಳೋ?” ವ್ಯಾಕರಣದ ಕ್ಲಾಸಿನಲ್ಲಿ ಕೇಳಬಾರದ ಪ್ರಶ್ನೆ. ಆದರೆ ಬೆಂಗಳೂರಿನ ಬಗ್ಗೆ ಕನ್ನಡದಲ್ಲಿ ಬಂದ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನ್ನಂಥವಳು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಅದು. ನಾನು ಕೇಳಿಕೊಂಡಿರಲಿಲ್ಲ.

ಆಟೋದ ಬಗ್ಗೆ ಈ ಊರಿನಲ್ಲಿ ಅತಿ ಹೆಚ್ಚು ಬರೆಯಲ್ಪಡುವ ಪ್ರಕಾರ ದೂರು. ಕವಿತೆ, ಕತೆ, ಪ್ರಬಂಧ ಎಲ್ಲ ಒಟ್ಟಾದರೂ ಅದರ ಮುಂದೆ ನಿಲ್ಲವು. ಅದಕ್ಕೆ ಒಂದು ರೂಪವೂ ಇದೆ, ನಮ್ಮ ಷಟ್ಪದಿಗಿದ್ದ ಹಾಗೆ. ಮೊದಲಿಗೆ ಜಾಗ ಮತ್ತು ಹೊತ್ತು ಬರುತ್ತದೆ, ಆಮೇಲೆ ದೂರ, ಸಾಮಾನ್ಯವಾಗಿ ದಶಮಾಂಶದೊಂದಿಗೆ. ಆಮೇಲೆ ಮೀಟರಿನ ಪ್ರಕಾರ ಆಗಬೇಕಾದ ಹಣ, ಕೇಳಿದ ಹಣ, ಅವೆರಡರ ನಡುವಿನ ಅಂತರಕ್ಕೆ ಒಂದು ಉದ್ಗಾರ. ಕೊನೆಗೆ ಈ ಊರು ಹಿಂದೆ ಹೀಗಿರಲಿಲ್ಲ ಎಂಬ ಷರಾ. ಇಂಥವನ್ನು ನಾನೇ ಎರಡು ಬರೆದಿದ್ದೇನೆ. ಒಂದಕ್ಕೆ ಇನ್ನೂರಕ್ಕೂ ಹೆಚ್ಚು ಜನ ಮೆಚ್ಚುಗೆ ಒತ್ತಿದರು. ನನ್ನ ಯಾವ ಸಂಶೋಧನಾ ಲೇಖನಕ್ಕೂ ಇಪ್ಪತ್ತು ಓದುಗರು ಸಿಕ್ಕಿಲ್ಲ.

ಈಗ ಅವನ್ನು ಮತ್ತೆ ಓದಿದರೆ ಕಾಣುವುದು ಬೇರೆ. ನನ್ನ ದೂರಿನಲ್ಲಿ ಡ್ರೈವರಿಗೆ ಇರುವುದು ಒಂದೇ ಸಂಭಾಷಣೆ, ಅದೂ ಒಂದು ಸಂಖ್ಯೆ. ‘ಇನ್ನೂರು.’ ಅವರು ಹೇಳಿದ ಕಾರಣವನ್ನು ನಾನು ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ಕಾರಣ ಬಂದರೆ ದೂರು ಸಡಿಲವಾಗುತ್ತದೆ, ಅದು ಬರೆಯುವಾಗಲೇ ಗೊತ್ತಿತ್ತು.

ದೂರಿಗೆ ಎದುರಾಗಿ ಇನ್ನೊಂದು ಪ್ರಕಾರವಿದೆ, ಪವಾಡದ ಕತೆ. ಆಟೋದಲ್ಲಿ ಬಿಟ್ಟುಹೋದ ಒಡವೆಯ ಚೀಲವನ್ನು ಹುಡುಕಿಕೊಂಡು ಬಂದು ಕೊಟ್ಟ ಡ್ರೈವರು, ಗರ್ಭಿಣಿಯನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸಿ ಹಣ ಮುಟ್ಟದ ಡ್ರೈವರು. ಇವು ಸುಳ್ಳೆಂದು ನಾನು ಹೇಳುವುದಿಲ್ಲ, ಇಂಥವು ನಡೆಯುತ್ತವೆ. ಗಮನಿಸಬೇಕಾದದ್ದು ಏನೆಂದರೆ, ಇಲ್ಲಿ ಡ್ರೈವರಿಗೆ ಬೇಕಾದಷ್ಟು ಮಾತಿದೆ, ಬಾಡಿಗೆ ಮಾತ್ರ ಇಲ್ಲ. ದೂರಿನಲ್ಲಿ ಬರೀ ಹಣ, ಪವಾಡದಲ್ಲಿ ಬರೀ ಮನುಷ್ಯ. ಹಣ ಕೇಳುವ ಮನುಷ್ಯ ಎರಡರಲ್ಲೂ ಇಲ್ಲ.

ಇನ್ನು ಸಿನಿಮಾ. ‘ಆಟೋ ರಾಜ’ ಬಂದದ್ದು 1980ರಲ್ಲಿ. ಶಂಕರ್‌ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನ ಬಳಿ, ಹೆದ್ದಾರಿಯ ಅಪಘಾತದಲ್ಲಿ. ಆಗ ಹುಟ್ಟಿಯೇ ಇರದ ಹುಡುಗರ ಆಟೋಗಳ ಮೇಲೂ ಇವತ್ತು ಅವರ ಚಿತ್ರವಿದೆ. ಇಷ್ಟು ದೀರ್ಘಕಾಲ, ಯಾವ ಪ್ರಚಾರವೂ ಇಲ್ಲದೆ, ಒಂದು ವೃತ್ತಿಯ ಜನ ಒಬ್ಬ ನಟನನ್ನು ತಮ್ಮವನೆಂದು ಉಳಿಸಿಕೊಂಡ ಉದಾಹರಣೆ ಬೇರೆ ಭಾಷೆಗಳಲ್ಲಿ ಸುಲಭಕ್ಕೆ ಸಿಗದು. ವಿಮರ್ಶೆ ಇದನ್ನು ಅಭಿಮಾನ ಎಂದು ಕರೆದು ಮುಂದೆ ಹೋಗಿದೆ. ನನಗೆ ಅದು ಒಂದು ಓದು ಎನ್ನಿಸುತ್ತದೆ. ಡ್ರೈವರುಗಳು ಆ ಚಿತ್ರದಿಂದ ಎತ್ತಿಕೊಂಡದ್ದು ಕತೆಯನ್ನಲ್ಲ, ನಿಲುವನ್ನು. ಖಾಕಿ ಹಾಕಿದವನೂ ಚಿತ್ರದ ನಡುವೆ ನಿಲ್ಲಬಹುದು, ಸಿರಿವಂತರ ಮನೆಯ ಮುಂದೆ ತಲೆ ತಗ್ಗಿಸಬೇಕಿಲ್ಲ ಎಂಬುದನ್ನು.

ಆದರೆ ರಾಜನಾದವನು ಚೌಕಾಸಿ ಮಾಡುವುದಿಲ್ಲ. ಆ ಚಿತ್ರದ ಆಟೋ ಒಂದು ರಥ. ರಥಕ್ಕೆ ಗ್ಯಾಸಿನ ಖರ್ಚಿಲ್ಲ, ಸಾಲದ ಕಂತಿಲ್ಲ, ಮಾಲೀಕನಿಗೆ ಸಂಜೆ ಕೊಡಬೇಕಾದ ದಿನದ ಬಾಡಿಗೆಯಿಲ್ಲ. ಇನ್ನೊಂದು ಸಂಗತಿ. ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಯನ್ನು ಹುಟ್ಟುಹಾಕಿದ್ದು 1978ರಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಜಮೀನಿನಲ್ಲಿ. ಎಂದರೆ ‘ಆಟೋ ರಾಜ’ ತೆರೆಗೆ ಬರುವುದಕ್ಕೆ ಎರಡು ವರ್ಷ ಮೊದಲೇ, ಆ ಚಿತ್ರದ ಊರನ್ನು ಮುಗಿಸುವ ಇನ್ನೊಂದು ಊರಿಗೆ ಗುರುತು ಹಾಕಿಯಾಗಿತ್ತು.

ಆಟೋದ ಹಿಂಬದಿಯ ಬರಹಗಳ ಬಗ್ಗೆ ಆಗಾಗ ಲೇಖನಗಳು ಬರುತ್ತವೆ, ಅವನ್ನು ಜನಪದ ಎಂದು ಮುದ್ದಾಗಿ ಕರೆಯುತ್ತೇವೆ. ಅಮ್ಮನ ಆಶೀರ್ವಾದ, ಕನ್ನಡದ ಅಭಿಮಾನ, ಕೈಕೊಟ್ಟ ಹುಡುಗಿ, ಮಕ್ಕಳ ಹೆಸರು, ಶಂಕ್ರಣ್ಣ. ಇವನ್ನು ಓದುವವನು ಹಿಂದಿನ ಗಾಡಿಯಲ್ಲಿ ಸಿಕ್ಕಿಕೊಂಡವನು. ಒಳಗೆ ಕೂತ ಪ್ರಯಾಣಿಕ ಅದನ್ನು ಓದುವುದೇ ಇಲ್ಲ. ಅವನ ಕಣ್ಣಿಗೆ ಬೀಳುವುದು ಸೀಟಿನ ಹಿಂದೆ ತೂಗುವ, ಫೋಟೊ ಅಂಟಿಸಿದ ಡ್ರೈವರಿನ ಗುರುತಿನ ಚೀಟಿ. ಹೀಗಾಗಿ ಡ್ರೈವರು ಬರೆದದ್ದಕ್ಕೂ ಪ್ರಯಾಣಿಕ ಓದುವುದಕ್ಕೂ ಸಂಬಂಧವಿಲ್ಲ. ಎರಡು ತಿಂಗಳು ನಾನು ಪೀಣ್ಯ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯದ ಸುತ್ತ ಕಂಡ ಹಿಂಬದಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದರಲ್ಲೂ ಬಾಡಿಗೆಯ ಮಾತಿಲ್ಲ. ಡ್ರೈವರು ತಾನೇ ಬರೆಯುವಾಗಲೂ ಲೆಕ್ಕವನ್ನು ಹೊರಗಿಡುತ್ತಾನೆ. ಅದು ಬಾಯಿಮಾತಿನಲ್ಲಿ ಮಾತ್ರ ಇದೆ, ಮೂರು ಪದಗಳಲ್ಲಿ.

ಆದ್ದರಿಂದ ಆ ಮೂರು ಪದಗಳ ಲೆಕ್ಕ ನೋಡೋಣ. ಸಾಹಿತ್ಯದ ಪತ್ರಿಕೆಯಲ್ಲಿ ಗಣಿತ ಬಂದದ್ದಕ್ಕೆ ಓದುಗರು ಬೇಸರ ಮಾಡಿಕೊಳ್ಳಬಾರದು.

ಬೆಂಗಳೂರಿನಲ್ಲಿ 2021ರ ಡಿಸೆಂಬರಿನಿಂದ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ, ಆಮೇಲಿನ ಪ್ರತಿ ಕಿಲೋಮೀಟರಿಗೆ 15 ಇತ್ತು. 2025ರ ಆಗಸ್ಟ್ 1ರಿಂದ ಅದು 36 ಮತ್ತು 18 ಆಯಿತು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ಈಗ ಏಳು ಕಿಲೋಮೀಟರ್ ದೂರದ ಒಂದು ಪ್ರಯಾಣ ತೆಗೆದುಕೊಳ್ಳಿ. ಮೀಟರಿನಲ್ಲಿ 126 ರೂಪಾಯಿ. ಇಳಿಸಿದ ಜಾಗದಲ್ಲೇ ಇನ್ನೊಬ್ಬರು ಹತ್ತಿದರೆ ಅದು ಕಿಲೋಮೀಟರಿಗೆ 18 ರೂಪಾಯಿಯ ದುಡಿಮೆ. ಯಾರೂ ಹತ್ತದೆ ಅಷ್ಟೂ ದೂರ ಹಿಂದೆ ಬರಬೇಕಾದರೆ ಓಡಿದ್ದು 14 ಕಿಲೋಮೀಟರ್, ಸಿಕ್ಕಿದ್ದು ಕಿಲೋಮೀಟರಿಗೆ 9.

ಮೀಟರು ಎಣಿಸುವುದು ಜನ ಕೂತ ದೂರವನ್ನು ಮಾತ್ರ. ಅದು ಮಲ್ಲೇಶ್ವರ, ಬಸವನಗುಡಿ, ಜಯನಗರಗಳ ಊರಿಗಾಗಿ ಮಾಡಿದ ಯಂತ್ರ. ಅಲ್ಲಿ ಒಬ್ಬರು ಇಳಿದ ತಿರುವಿನಲ್ಲಿ ಇನ್ನೊಬ್ಬರು ಕೈ ಅಡ್ಡ ಹಾಕುತ್ತಾರೆ. ಪೀಣ್ಯ ಹಾಗಲ್ಲ. ಬೆಳಗ್ಗೆ ಎಂಟೂವರೆಗೆ ಜನರೆಲ್ಲ ಒಳಗೆ ಹೋಗುತ್ತಾರೆ, ಸಂಜೆ ಎಲ್ಲರೂ ಹೊರಗೆ ಬರುತ್ತಾರೆ. ನಡುಹಗಲಿನಲ್ಲಿ ಎರಡನೇ ಹಂತದ ರಸ್ತೆಗಳಲ್ಲಿ ಲೇತ್ ಮೆಷಿನ್ನಿನ ಸದ್ದು ಬಿಟ್ಟರೆ ಲಾರಿ, ಟೆಂಪೋ, ನಾಯಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲೂ ಇದೇ ಏರಿಳಿತ, ಗಾಜಿನ ಕಟ್ಟಡಗಳ ನಡುವೆ. ಕೆಲಸಕ್ಕೆ ಮಾತ್ರ ಕಟ್ಟಿದ ಊರುಗಳಿಗೆ ಒಂದು ಹೊತ್ತಿಗೆ ಒಂದೇ ದಿಕ್ಕು.

ಹಾಗಾದರೆ ರಾತ್ರಿಯ ಆ ಒಂದೂವರೆ ಪಟ್ಟು ಏನು? ನಿದ್ದೆಗೆಟ್ಟದ್ದಕ್ಕೆ ಕೂಲಿ ಅಂದುಕೊಂಡಿದ್ದೆ. ಈಗ ಅದು ಸರ್ಕಾರವೇ ಒಪ್ಪಿಕೊಂಡ ‘ವಾಪಸ್ ಖಾಲಿ’ ಎಂದೂ ಓದಬಹುದು ಎನ್ನಿಸುತ್ತದೆ. ಹತ್ತು ಗಂಟೆಯ ಮೇಲೆ ಇಳಿಸಿದ ಜಾಗದಲ್ಲಿ ಯಾರೂ ಸಿಗುವುದಿಲ್ಲ, ಆ ನಷ್ಟವನ್ನು ಪ್ರಯಾಣಿಕ ಅರ್ಧ ಹೊರಲಿ ಎಂಬ ಏರ್ಪಾಡು. ನಿಯಮ ಕಾಲಕ್ಕೆ ಕೊಟ್ಟದ್ದನ್ನು ಡ್ರೈವರು ಜಾಗಕ್ಕೂ ಕೇಳುತ್ತಿದ್ದಾನೆ. ನಡುಹಗಲಿನ ಪೀಣ್ಯ ಅವನ ಪಾಲಿಗೆ ರಾತ್ರಿ ಹನ್ನೊಂದರ ರಾಜಾಜಿನಗರ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಪವಾಡದ ಕತೆ ಬರೆದಂತೆ. ಏಕೆಂದರೆ ಇದೇ ವಾಕ್ಯವನ್ನು ನಾನು ಶುದ್ಧ ಸುಳ್ಳಾಗಿಯೂ ಕೇಳಿದ್ದೇನೆ. ನೇರಳೆ ಮಾರ್ಗ 2023ರಲ್ಲಿ ವೈಟ್‌ಫೀಲ್ಡಿಗೆ ಬಂತು, ಮಾರ್ಚಿನಲ್ಲಿ ಕೆ.ಆರ್. ಪುರದಿಂದ, ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಕೊಂಡಿ ಸೇರಿ ಪೂರ್ತಿಯಾಗಿ. ಅಂದಿನಿಂದ ನನ್ನ ಶನಿವಾರದ ಪ್ರಯಾಣದಲ್ಲಿ ಬಹುಪಾಲು ಮೆಟ್ರೊ, ಕೊನೆಯ ಎರಡು ಕಿಲೋಮೀಟರ್ ಮಾತ್ರ ಆಟೋ. ಕಾಡುಗೋಡಿಯ ನಿಲ್ದಾಣದ ಮೆಟ್ಟಿಲು ಇಳಿದರೆ ಆಟೋಗಳ ಸಾಲು. ಮೀಟರಿನಲ್ಲಿ 36 ಆಗಬೇಕಾದ ದಾರಿಗೆ ನೂರು. ಕಾರಣ ಕೇಳಿದರೆ ಅದೇ ಮೂರು ಪದ. ನನ್ನ ಹಿಂದೆ ಅದೇ ರೈಲಿನಿಂದ ಇಳಿದ ಐವತ್ತು ಜನ ನಿಂತಿರುತ್ತಾರೆ, ಆಚೆ ಕೊನೆಯಲ್ಲಿ ಮೆಟ್ರೊಗೆ ಬರಲು ಇನ್ನೈವತ್ತು ಜನ ಕಾಯುತ್ತಿರುತ್ತಾರೆ. ಖಾಲಿ ಬರುವ ಮಾತೆಲ್ಲಿ? ಸಿಟ್ಟು ನೆತ್ತಿಗೇರುತ್ತದೆ. ಇಂಥ ಒಂದು ಶನಿವಾರ ನಾನು ಕೊಡೆ ಹಿಡಿದು ಎರಡು ಕಿಲೋಮೀಟರ್ ನಡೆದು, ಕೆಸರು ಮೆತ್ತಿದ ಚಪ್ಪಲಿಯಲ್ಲಿ ಕ್ಲಾಸಿಗೆ ಹೋಗಿ, ‘ಮಳೆ ಬರುತ್ತಿದೆ’ ಎಂಬ ವಾಕ್ಯ ಕಲಿಸಿದ್ದೇನೆ.

ಆಮೇಲೆ ಗೊತ್ತಾಯಿತು, ಅಲ್ಲಿ ನಷ್ಟ ಇರುವುದು ದಾರಿಯಲ್ಲಲ್ಲ, ಸಾಲಿನಲ್ಲಿ. ಮುಕ್ಕಾಲು ಗಂಟೆ ಕಾದು ಮುಂದೆ ಬಂದವನಿಗೆ 36 ರೂಪಾಯಿಯ ಗಿರಾಕಿ ಸಿಕ್ಕರೆ ಅವನು ಮತ್ತೆ ಸಾಲಿನ ಕೊನೆಗೆ ಹೋಗಬೇಕು. ಪ್ರಯಾಣಿಕ ಕಾಯಿಸಿದರೆ ಮೀಟರಿನಲ್ಲಿ ಅದಕ್ಕೆ ದರವಿದೆ. ಪ್ರಯಾಣಿಕನಿಗಾಗಿ ಡ್ರೈವರು ಕಾದದ್ದಕ್ಕೆ ದರವಿಲ್ಲ. ಆದರೂ ಅವನು ಹೇಳುವುದು ‘ಕಾದಿದ್ದೇನೆ’ ಎಂದಲ್ಲ, ‘ವಾಪಸ್ ಖಾಲಿ ಬರ್ಬೇಕು’ ಎಂದೇ. ಒಮ್ಮೆ ನಿಜವಾಗಿದ್ದ ಮಾತು ಎಲ್ಲ ನಷ್ಟಕ್ಕೂ ಒದಗುವ ಪಲ್ಲವಿಯಾಗಿದೆ. ನಮ್ಮ ಲಾವಣಿಕಾರರು ಹಾಡು ಕಟ್ಟುವಾಗ ಸಿದ್ಧ ನುಡಿಗಟ್ಟುಗಳನ್ನು ಬಳಸುತ್ತಾರೆ, ಅವು ನಿಜವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ. ಆಟೋದವನ ನುಡಿಗಟ್ಟನ್ನು ಮಾತ್ರ ಸಾಕ್ಷಿ ಕಟ್ಟೆಯಲ್ಲಿ ನಿಲ್ಲಿಸುತ್ತೇವೆ. ನನ್ನ ಕಡೆಯೂ ಸಿದ್ಧ ನುಡಿಗಟ್ಟುಗಳಿವೆ. ‘ದಿನಾ ಇದೇ ರೇಟಲ್ಲಿ ಹೋಗ್ತೀನಿ’ ಎನ್ನುತ್ತೇನೆ, ದಿನವೂ ಹೋಗುವುದಿಲ್ಲ. ‘ಸ್ಟೂಡೆಂಟು’ ಎನ್ನುತ್ತೇನೆ, ಇಪ್ಪತ್ತೆಂಟು ವರ್ಷದ ನನ್ನನ್ನು ಕನ್ನಡಿಯಲ್ಲಿ ನೋಡಿ ಡ್ರೈವರು ನಗುತ್ತಾನೆ.

ಕನ್ನಡ ಮಾತಾಡಿದರೆ ಕಡಿಮೆ ತೆಗೆದುಕೊಳ್ಳುತ್ತಾರೆ ಎಂಬ ನಂಬಿಕೆಯಿಂದಲೇ ನನ್ನ ಕ್ಲಾಸು ತುಂಬುತ್ತದೆ, ಅದನ್ನು ಕೆಡಿಸುವುದು ನನ್ನ ಹೊಟ್ಟೆಪಾಡಿಗೆ ಒಳ್ಳೆಯದಲ್ಲ. ಆದರೆ ನನ್ನ ಅನುಭವ ಬೇರೆ. ಹಿಂದಿ ಮಾತಾಡುವವರಿಗೂ ನನಗೂ ಹೇಳುವ ದರ ಹೆಚ್ಚುಕಡಿಮೆ ಒಂದೇ. ಅವರಿಗೆ ಬರೀ ದರ ಹೇಳುತ್ತಾರೆ, ನನಗೆ ದರದ ಜೊತೆ ಕಾರಣವನ್ನೂ ಹೇಳುತ್ತಾರೆ. ಕನ್ನಡದವರಿಗೆ ಸಿಗುವ ರಿಯಾಯಿತಿ ಅದು. ನಾನು ‘ಅಣ್ಣಾ’ ಅಂದ ಕೂಡಲೇ ಒಂದು ಸಂಬಂಧ ಹುಟ್ಟುತ್ತದೆ, ಸಂಬಂಧಕ್ಕೆ ವಿವರಣೆ ಕೊಡಬೇಕಾಗುತ್ತದೆ. ಮಗಳ ಫೀಸು, ಕಂತು, ತುಮಕೂರಿನ ಹತ್ತಿರದ ಊರು, ಮಳೆ ಇಲ್ಲದ ಹೊಲ, ಎಲ್ಲ ಬರುತ್ತದೆ. ಇಳಿಯುವ ಹೊತ್ತಿಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟದ್ದೂ ಉಂಟು. ಆ ಅಣ್ಣನ ಅರ್ಥಶಾಸ್ತ್ರ ನನ್ನದಕ್ಕಿಂತ ಗಟ್ಟಿ.

ಆ್ಯಪುಗಳು ತೆಗೆದುಹಾಕಿದ್ದು ಈ ಮಾತನ್ನೇ. 2022ರ ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ದೊಡ್ಡ ಕಂಪನಿಗಳ ಆಟೋ ಸೇವೆಯನ್ನು ನಿಲ್ಲಿಸಲು ಹೇಳಿತು, ವಿಷಯ ಹೈಕೋರ್ಟಿಗೆ ಹೋಯಿತು. ಅದರ ಬೆನ್ನಿಗೇ ನವೆಂಬರಿನಲ್ಲಿ ಚಾಲಕರ ಸಂಘದ ಜೊತೆಗೂಡಿ ಕಮಿಷನ್ ಇಲ್ಲದ ‘ನಮ್ಮ ಯಾತ್ರಿ’ ಬಂತು. ಕಮಿಷನ್ನಿನ ಪ್ರಶ್ನೆಗೆ ಅದು ದೊಡ್ಡ ಉತ್ತರವೇ. ಆದರೆ ನನ್ನ ಪ್ರಶ್ನೆ ಮಾತಿನದು. ಈಗ ಬೀದಿಯಲ್ಲಿ ನಿಂತು ಯಾರೂ ‘ಬರ್ತೀರಾ’ ಎಂದು ಕೇಳಬೇಕಾಗಿಲ್ಲ, ‘ಬರಲ್ಲ’ ಎಂದು ಕೇಳಿಸಿಕೊಳ್ಳಬೇಕಾಗಿಲ್ಲ. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತದೆ. ಯಾರೂ ಬರದಿದ್ದರೆ ಹತ್ತು, ಇಪ್ಪತ್ತು, ಮೂವತ್ತು ರೂಪಾಯಿ ಸೇರಿಸಿ ನೋಡಿ ಎನ್ನುತ್ತದೆ. ಹೀಗೆ ಮುಂಗಡ ಟಿಪ್ ಕೇಳುವುದು ಸರಿಯಲ್ಲವೆಂದು 2025ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಆಕ್ಷೇಪ ಎತ್ತಿದರು. ಟಿಪ್ ಎನ್ನುವುದು ಸೇವೆಯ ಆಮೇಲೆ ಕೊಡುವ ಮೆಚ್ಚುಗೆ ಎಂಬುದು ವಾದ. ಸರಿಯೇ. ಆದರೆ ಅದು ಟಿಪ್ ಆಗಿದ್ದರೆ ತಾನೆ? ಅದು ‘ಮೀಟರ್ ಮೇಲೆ ಇಪ್ಪತ್ತು ಕೊಡಿ’ ಎಂಬ ಹಳೆಯ ಮಾತೇ, ನಾಲಿಗೆ ಕಿತ್ತುಹಾಕಿದ ರೂಪದಲ್ಲಿ. ಚೌಕಾಸಿ ಉಳಿಯಿತು, ಕಾರಣ ಹೋಯಿತು. ಹಿಂದೆ ನನಗೆ ಸಿಟ್ಟು ಬಂದರೆ ಎದುರಿಗೆ ಒಂದು ಮುಖವಿರುತ್ತಿತ್ತು.

ಈಗ ಕತೆಗಳಿಗೆ ಬರುತ್ತೇನೆ. ಕನ್ನಡದ ದೊಡ್ಡ ನಗರ ಕಥನ ಮುಂಬೈಯದು ಎಂಬುದು ಹಳೆಯ ಮಾತು. ಚಿತ್ತಾಲರ ‘ಶಿಕಾರಿ’, ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’, ‘ತೂಫಾನ್ ಮೇಲ್’. ಕಾಯ್ಕಿಣಿಯವರಲ್ಲಿ ಇಬ್ಬರು ಅಪರಿಚಿತರಿಗೆ ಒಂದು ಇಕ್ಕಟ್ಟಾದ ಜಾಗ ಸಿಕ್ಕರೆ ಸಾಕು, ಕತೆ ಹುಟ್ಟಿಕೊಳ್ಳುತ್ತದೆ. ಬೆಂಗಳೂರಿನ ಕತೆಗಳಲ್ಲಿ ನನಗೆ ತುಂಬ ಇಷ್ಟವಾದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಅಂಥ ಜಾಗ ಕಾಫಿ ಹೌಸ್, ಅಪರಿಚಿತ ಅಲ್ಲಿನ ಮಾಣಿ ವಿನ್ಸೆಂಟ್. ಅವನು ಆಡುವ ಒಂದೊಂದು ಸಾದಾ ಮಾತೂ ನಿರೂಪಕನಿಗೆ ದೈವವಾಣಿಯಂತೆ ಕೇಳುತ್ತದೆ. ಶಾನಭಾಗರಿಗೆ ಅದರ ವ್ಯಂಗ್ಯ ಗೊತ್ತಿದೆ, ಆ ನಿರೂಪಕನನ್ನು ಅವರು ನಂಬಿಬಿಡುವುದಿಲ್ಲ. ಆದರೆ ಅವರ ನಂತರ ಬರೆಯುತ್ತಿರುವ ನಮ್ಮಲ್ಲಿ ಎಷ್ಟೋ ಮಂದಿಗೆ ಆ ವ್ಯಂಗ್ಯ ಕೈಗೆ ಹತ್ತಿಲ್ಲ. ನಮ್ಮ ಕತೆಗಳಲ್ಲಿ ಆಟೋ ಡ್ರೈವರು ಒಂದು ದಾರ್ಶನಿಕ ಮಾತು ಹೇಳಿ ಕನ್ನಡಿಯಲ್ಲಿ ಮುಗುಳ್ನಕ್ಕು ಮಾಯವಾಗುತ್ತಾನೆ. ಕತೆಗಾರ ಇಳಿದು ಮನೆಗೆ ಹೋಗಿ ಬರೆಯುತ್ತಾನೆ. ಎಷ್ಟು ಕೊಟ್ಟ? ಚಿಲ್ಲರೆ ಇತ್ತೇ? ಅದು ಗೊತ್ತಾಗುವುದಿಲ್ಲ.

ಇದರ ಪಕ್ಕಕ್ಕೆ ಮೂರು ಉದಾಹರಣೆ ಇಡುತ್ತೇನೆ. 2008ರಲ್ಲಿ ಬುಕರ್ ಬಂದ ಅರವಿಂದ ಅಡಿಗರ ‘ದ ವೈಟ್ ಟೈಗರ್’ನ ಬಲರಾಮ್ ಹಲ್ವಾಯಿ ತನ್ನ ಕತೆಯನ್ನು ಚೀನಾದ ಪ್ರಧಾನಿಗೆ ಬರೆದು ತಿಳಿಸುತ್ತಾನೆ. ಬರೆಯುವುದು ಎಲ್ಲಿ ಕೂತು? ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅವನು ಧಣಿಯನ್ನು ಕೊಂದು ಏಳು ಲಕ್ಷ ರೂಪಾಯಿ ಎತ್ತಿಕೊಂಡು ಬಂದು, ಕಾಲ್ ಸೆಂಟರಿನವರನ್ನು ಸಾಗಿಸುವ ಟ್ಯಾಕ್ಸಿಗಳನ್ನು ಇಟ್ಟುಕೊಂಡಿದ್ದಾನೆ. ಕಾದಂಬರಿಯ ಬಗ್ಗೆ ನನಗೆ ತಕರಾರುಗಳಿವೆ, ಬಲರಾಮನ ಕಂಠ ಹಲವು ಕಡೆ ಅವನದ್ದಲ್ಲ. ಆದರೆ ಲೆಕ್ಕ ಅವನದ್ದೇ, ರೂಪಾಯಿ ರೂಪಾಯಿಯಾಗಿ. ಮಂಗಳೂರಿನಲ್ಲಿ ಬೆಳೆದ ಲೇಖಕರೊಬ್ಬರು ಹೊಸೂರು ರಸ್ತೆಯ ಡ್ರೈವರನ್ನು ಇಂಗ್ಲಿಷಿನಲ್ಲಿ ಜಗತ್ತಿಗೆಲ್ಲ ಕೇಳಿಸಿದರು. ನಾವು ಕನ್ನಡದಲ್ಲಿ ಆ ರಸ್ತೆಯಲ್ಲಿ ಟ್ರಾಫಿಕ್ಕನ್ನು ಮಾತ್ರ ಕಂಡೆವು.

ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ಪೊಲೀಸರ ವಶದಲ್ಲಿ ತಾನು ಉಂಡ ಹಿಂಸೆಯನ್ನು ತಮಿಳಿನಲ್ಲಿ ‘ಲಾಕಪ್’ ಎಂಬ ಕಾದಂಬರಿಯಾಗಿ ಬರೆದರು. ವೆಟ್ರಿಮಾರನ್ ಅದರ ಮೇಲೆ ‘ವಿಸಾರಣೈ’ ಸಿನಿಮಾ ಮಾಡಿದ್ದು 2015ರಲ್ಲಿ. ಇನ್ನು ಬಂಗಾಳಿಯ ಮನೋರಂಜನ್ ಬ್ಯಾಪಾರಿ ರಿಕ್ಷಾ ಎಳೆಯುತ್ತಿದ್ದ ಕಾಲದಲ್ಲಿ, ಓದಿದ್ದ ಒಂದು ಪದದ ಅರ್ಥ ತಿಳಿಯದೆ ಗಾಡಿ ಹತ್ತಿದ ಹೆಂಗಸನ್ನು ಕೇಳಿದರು. ‘ಜಿಜೀವಿಷೆ’ ಎಂದರೇನು? ಬದುಕುವ ಆಸೆ ಎಂದರು ಆಕೆ. ಆಕೆ ಮಹಾಶ್ವೇತಾ ದೇವಿ. ತಮ್ಮ ಪತ್ರಿಕೆಗೆ ಬರೆಯಲು ಹೇಳಿದರು. ಈ ಪ್ರಸಂಗವನ್ನು ಎಲ್ಲರೂ ಮಹಾಶ್ವೇತಾರ ದೊಡ್ಡತನದ ಕತೆಯಾಗಿ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಕೇಳಿದವರು ಯಾರು ಎಂಬುದು. ಪ್ರಶ್ನೆ ಮುಂದಿನ ಸೀಟಿನಿಂದ ಬಂತು. ನಮ್ಮ ಕತೆಗಳಲ್ಲಿ ಮುಂದಿನ ಸೀಟಿನಿಂದ ಬರುವುದು ಉತ್ತರಗಳೇ.

ಇದನ್ನೆಲ್ಲ ಬರೆಯುವ ನಾನು ಇರುವುದು ಲಗ್ಗೆರೆಯಲ್ಲಿ, ಅಕ್ಕನ ಮನೆಯಲ್ಲಿ. ಅಕ್ಕ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಅವಳಿಗೆ ನನ್ನ ಈ ವಿಷಯ ಹೇಳಿದಾಗ ಅರ್ಥವೇ ಆಗಲಿಲ್ಲ. “ಆಟೋದಲ್ಲಿ ಜಗಳ ಏನಕ್ಕೆ?” ಅಂದಳು. ಅವಳ ಆಟೋ ಶೇರ್ ಆಟೋ. ಹಿಂದೆ ಐದು ಜನ, ಡ್ರೈವರಿನ ಆಚೀಚೆ ಇಬ್ಬರು, ಎಲ್ಲರೂ ಗಾರ್ಮೆಂಟ್ಸಿನ ಹೆಂಗಸರು. ಮೀಟರಿಗೆ ಬಟ್ಟೆ ಸುತ್ತಿದೆ. ಹಣ ವಾರಕ್ಕೊಮ್ಮೆ. ಸಂಬಳ ತಡವಾದ ತಿಂಗಳು ಡ್ರೈವರೇ ಕಾಯುತ್ತಾನೆ. ವಾಪಸ್ ಖಾಲಿ ಬರುತ್ತಾನಾ ಎಂದು ಕೇಳಿದೆ. “ಯಾಕೆ ಬರ್ತಾನೆ? ನಮ್ಮನ್ನ ಬಿಟ್ಟು ಅಲ್ಲೇ ಮೆಷಿನ್ ಶಾಪಿನ ನೈಟ್ ಶಿಫ್ಟಿನ ಹುಡುಗ್ರನ್ನ ತುಂಬ್ಕೊಂಡು ಬರ್ತಾನೆ.” ನಾನು ಎರಡು ತಿಂಗಳು ನೋಟ್‌ಬುಕ್ಕಿನಲ್ಲಿ ತಿಣುಕಿದ ಲೆಕ್ಕವನ್ನು ಅವರು ಆಗಲೇ ಬಿಡಿಸಿಕೊಂಡಿದ್ದರು. ಕಾನೂನಿಗೆ ಅದು ಸರಿಹೊಂದುವುದಿಲ್ಲ. ಸರ್ಕಲ್ಲಿನಲ್ಲಿ ಪೊಲೀಸರು ಕಂಡರೆ ಮುಂದೆ ಕೂತ ಇಬ್ಬರು ಇಳಿದು, ಸರ್ಕಲ್ ದಾಟುವವರೆಗೆ ನಡೆದು, ಆಚೆ ಮತ್ತೆ ಹತ್ತುತ್ತಾರೆ. ಅಕ್ಕ ಆ ಇಬ್ಬರಲ್ಲಿ ಒಬ್ಬಳು. ಮೀಟರಿನ ಜಗಳ ಇರುವುದು ಒಬ್ಬರೇ ಕೂತು ಹೋಗುವ ನಮ್ಮಂಥವರಿಗೆ. ಅವಳ ಮಟ್ಟಿಗೆ ಪೂರ್ತಿ ಆಟೋ ಎಂದರೆ ಹೆರಿಗೆ ಅಥವಾ ಸಾವು.

ಹೋದ ತಿಂಗಳು ಒಂದು ರಾತ್ರಿ ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಇಳಿದಾಗ ಒಂ‌ಬತ್ತು ಐವತ್ತು. ಲಗ್ಗೆರೆಗೆ ಮೂರು ಕಿಲೋಮೀಟರ್, 54 ರೂಪಾಯಿ. ನಿಂತಿದ್ದು ಒಂದೇ ಆಟೋ. ಡ್ರೈವರಿಗೆ ಐವತ್ತರ ಮೇಲಿನ ವಯಸ್ಸು. ನೂರು ಕೇಳಿದರು. ಹತ್ತು ಗಂಟೆ ಆಗಿಲ್ಲವಲ್ಲ ಎಂದೆ. “ಒಳಗಡೆ ಹೋದ್ರೆ ವಾಪಸ್ ಖಾಲಿ ಬರ್ಬೇಕು ಮೇಡಂ.” ಈ ಲೇಖನ ಆಗಲೇ ಅರ್ಧ ಬರೆದಿದ್ದೆ. ಹತ್ತಿ ಕೂತೆ. ಲಗ್ಗೆರೆ ಸೇತುವೆಯ ಹತ್ತಿರ ಕೇಳಿಯೇಬಿಟ್ಟೆ: “ಅಣ್ಣಾ, ನಿಜವಾಗ್ಲೂ ದಿನಾ ಖಾಲಿನೇ ಬರ್ತೀರಾ?”

ಅವರು ತಕ್ಷಣ ಉತ್ತರಿಸಲಿಲ್ಲ. ಉಬ್ಬು ಒಂದನ್ನು ನಿಧಾನಕ್ಕೆ ದಾಟಿಸಿದರು. “ಒಂದೊಂದ್ಸಲ ಸಿಗ್ತಾರೆ. ಸಿಕ್ಕಿದ್ ದಿನ ಬೇಗ ಮನೆಗ್ ಹೋಗ್ತೀನಿ.”

ನೂರರ ನೋಟು ಕೊಟ್ಟೆ. ಅವರು ಆಟೋ ತಿರುಗಿಸಿ, ಬೀದಿಯ ಕೊನೆಯ ಮೆಡಿಕಲ್ ಶಾಪಿನ ಬೆಳಕಿನಲ್ಲಿ ಒಂದೆರಡು ನಿಮಿಷ ನಿಂತು ನೋಡಿ, ಹೋದರು.

ಅಕ್ಕ ಬೆಳಗಿನ ಅಲಾರಂ ಇಟ್ಟು ಮಲಗುತ್ತಿದ್ದಳು. “ಎಷ್ಟು ಕೊಟ್ಟೆ?” ಅಂದಳು. ಎಂಬತ್ತು ಎಂದೆ. ಜಾಸ್ತಿಯಾಯ್ತು ಅಂದು ಮಗ್ಗುಲಾದಳು.